ಎರಡನೇ ಡ್ರೈವರ್

ಹಲೋ... ಹಾಂ, ಯಾರು ಮಾತಾಡ್ತಿರೋದು?... ಸ್ವಲ್ಪ ಜೋರಾಗಿ ಹೇಳಿ, ಸುತ್ತ ಬರೀ ಲಾರಿ ಹಾರನ್ನು... ಯಾರು?

...ಓ, ಅಣ್ಣ, ನೀನಾ! ಇದ್ಯಾರ ನಂಬರು?... ವಾಚ್‌ಮನ್‌ದಾ? ಪಾಪ, ಅವನ ಫೋನ್ ಕಿತ್ಕೊಂಡ್ಯಾ? ನಿನ್ನ ಫೋನ್ ನಾನು ಬೇಕಂತಲೇ ಎತ್ತಿಲ್ಲ. ಸುಳ್ಳು ಯಾಕೆ ಹೇಳ್ಲಿ...

...ಇಲ್ಲ, ಆಫೀಸಲ್ಲಿಲ್ಲ. ಮನೇಲೂ ಇಲ್ಲ. ಹೇಳ್ತೀನಿ, ಮೊದಲು ಕೂತ್ಕೋ. ಕೂತ್ಯಾ? ಟೈಲ್ಸ್ ಲೋಡ್ ಹಾಕಿಸಿದ್ಯಲ್ಲ, ಆ ಲಾರಿ ಸ್ಟೀರಿಂಗ್ ಹಿಡ್ಕೊಂಡು ಕೂತಿದ್ದೀನಿ. ಗಡಿ ಚೆಕ್‌ಪೋಸ್ಟು. ನನ್ನ ಮುಂದೆ ಇನ್ನೂ ಐದಾರು ಗಾಡಿ ಇದೆ...

...ಕೂಗಬೇಡ. ಕೂಗಿದ್ರೆ ಲಾರಿ ತಾನಾಗೇ ಹಿಂದಕ್ಕೆ ಬರುತ್ತಾ?

...ಗೂಬೆ ಮಾವ ಎಲ್ಲಿ ಅಂದ್ರೆ? ನನ್ನ ಹಿಂದೆ, ಬರ್ತಲ್ಲಿ ಮಲಗಿದ್ದಾರೆ... ಹೌದು, ಮಲಗಿದ್ದಾರೆ! ಗೊರಕೆ ಕೇಳಿಸ್ತಿಲ್ವಾ? ಅಪ್ಪನ ಕಾಲದಿಂದ ನಮ್ಮ ಗಾಡಿ ಓಡಿಸ್ತಿರೋರು, ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡಿರ್ತಾರೆ ಅಂತ ಗೂಬೆ ಅಂತ ಹೆಸರಿಟ್ರಿ. ಹೆಸರಿಟ್ಟಿದ್ದಕ್ಕೆ ನಿದ್ದೆನೇ ಬೇಡವಾ? ಒಂದು ಟ್ರಿಪ್ ಮುಗಿಸಿ ಕಾಲು ಕೆಳಗಿಟ್ಟಿಲ್ಲ, ಇನ್ನೊಂದಕ್ಕೆ ಹತ್ತು ಅಂದೆ. ಗೂಬೆನೂ ಹಗಲು ಮಲಗುತ್ತೆ ಅಣ್ಣ...

...ಅವರೇನೂ ಹೇಳಲಿಲ್ಲ ಅಂತೀಯಾ? ನಿನ್ನ ಹತ್ರ ಹೇಳಲ್ಲ. ಹೋದ ಟ್ರಿಪ್ಪಲ್ಲಿ ಸೈಡ್ ಕನ್ನಡಿ ಒಡೆದಿದ್ದು ಯಾವನೋ ಬಸ್ಸಿನವನು ಅಂದ್ರಲ್ಲ, ಸುಳ್ಳು. ಬೆಟ್ಟದ ತಿರುವಲ್ಲಿ ಕಣ್ಣು ಮುಚ್ಚಿಹೋಗಿತ್ತಂತೆ. ತಡೆಗೋಡೆಗೆ ಉಜ್ಜಿಕೊಂಡು ನಿಂತಿದೆ ಗಾಡಿ, ಅದರಾಚೆ ಬರೀ ಪ್ರಪಾತ. ಇವತ್ತು ಬೆಳಿಗ್ಗೆ ಟೀ ಲೋಟ ಹಿಡ್ಕೊಂಡು ನನ್ನ ಹತ್ರ ಹೇಳಿದ್ರು. ಹೇಳ್ತಾ ಹೇಳ್ತಾನೇ ತೂಕಡಿಸಿದ್ರು, ಟೀ ಕೈ ಮೇಲೆ ಚೆಲ್ತು. ನನಗೆ ಗೇರ್ ಹಾಕೋದು ಕಲಿಸಿದ ಕೈ ಅದು. ಅಲ್ಲೇ ಆ ಕೈಯಿಂದ ಗಾಡಿ ಕೀ ಇಸ್ಕೊಂಡೆ...

...ಎರಡನೇ ಡ್ರೈವರ್ ಇದ್ದಾರಾ? ಯಾರದು?... ಹೇಳು, ಯಾರು? ನಿನ್ನ ಬಾಯಿಂದಾನೇ ಬರ್ಲಿ... ಹಾಂ, ನಾನು! ದೂರದ ರೂಟಿಗೆ ಇಬ್ಬರು ಡ್ರೈವರ್ ಇರ್ಬೇಕು ಅಂತ ರೂಲು. ಅದಕ್ಕೆ ಪ್ರತಿ ಸಲ ನನ್ನ ಲೈಸೆನ್ಸ್ ನಂಬರ್ ಬರೆದು ಕಳಿಸ್ತೀಯ. ಕಾಗದದ ಮೇಲೆ ನಾನು ಸುತ್ತದ ರಾಜ್ಯ ಇಲ್ಲ. ಕೂತಿರೋದು ಮಾತ್ರ ಆಫೀಸಿನ ಆ ಮುರುಕಲು ಕುರ್ಚೀಲಿ, ಬೇರೆಯವರಿಗೆ ರೂಟ್ ಹಾಕ್ಕೊಂಡು...

...ಗೊತ್ತಿಲ್ಲದೆ ಏನು? ದಾರೀಲಿ ಯಾರಾದ್ರೂ ತಡೆದ್ರೆ 'ಮೇಡಂ ಮಲಗಿದ್ದಾರೆ' ಅನ್ನೋಕೆ ಕಂಬಳಿ ಕೆಳಗೆ ದಿಂಬು ಇಡಿಸಿದ್ಯಲ್ಲ, ಅದೂ ಸಿಕ್ತು. ಅದಕ್ಕೆ ನನ್ನ ಹಳೇ ಶಾಲು ಬೇರೆ ಸುತ್ತಿದ್ದೀರ!... ನಗ್ತೀಯಾ? ನಗು. ನನಗೂ ಮೊದಲು ನಗುನೇ ಬಂತು, ಆಮೇಲೆ ಅಳು ಬಂತು. ಅಪ್ಪ ಹಠ ಹಿಡಿದು ಕೊಡಿಸಿದ ಲೈಸೆನ್ಸು, ಅದರಲ್ಲಿ ಊರೂರು ಸುತ್ತಿದ್ದು ಒಂದು ದಿಂಬು...

...ಯಾವ ದಾರಿ ಅಂದ್ರೆ? ಹೈವೇ. ಬೆಟ್ಟದ ಅಡ್ಡದಾರಿ ನಾನು ಹಾಕಿದ ರೂಟಲ್ಲ, ಚೆಕ್‌ಪೋಸ್ಟ್ ತಪ್ಪಿಸೋಕೆ ನೀನು ತಿದ್ದಿದ್ದು... ಸುತ್ತು, ಹೌದು ಸುತ್ತೇ. ಗಡಿ ದಾಟಿ ಸೇತುವೆ ತನಕ ನಾನು ಓಡಿಸ್ತೀನಿ. ಅಲ್ಲಿ ಲಾರಿ ನಿಲ್ದಾಣದಲ್ಲಿ ಊಟ. ಪಟ್ಟಣದೊಳಗೆ ಹಗಲು ದೊಡ್ಡ ಗಾಡಿ ಬಿಡಲ್ಲ, ಅದಕ್ಕೆ ಹೊರವರ್ತುಲ ರಸ್ತೆ. ಅಷ್ಟೊತ್ತಿಗೆ ಮಾವ ಎದ್ದಿರ್ತಾರೆ, ಅವರು ಹಿಡೀತಾರೆ, ನಾನು ಮಲಗ್ತೀನಿ. ಇಷ್ಟೇ ಅಲ್ವಾ ಕಾನೂನು ಕೇಳೋದು?

...ಮಾಲಿನವರಿಗೆ ಆಗಲೇ ಹೇಳಿದ್ದೀನಿ, ಅರ್ಧ ದಿನ ತಡ ಅಂತ. ಬೈದ್ರು, ಬೈಸ್ಕೊಂಡೆ. ಬೈಗುಳ ಏನು ಮೈಗೆ ಅಂಟ್ಕೊಳ್ಳುತ್ತಾ? ಕೊನೆಗೆ 'ಒಡೆಯದೆ ಬಂದ್ರೆ ಸಾಕಮ್ಮ' ಅಂದ್ರು...

...ಏನಂದೆ? ಲಾರಿ ಕಳ್ಳತನ ಆಗಿದೆ ಅಂತ ಕಂಪ್ಲೇಂಟ್ ಕೊಡ್ತೀಯಾ? ಕೊಡು, ಈಗಲೇ ಕೊಡು! ಕದ್ದೋರ ಹೆಸರೇನು ಅಂತ ಕೇಳ್ತಾರೆ, ನನ್ನ ಹೆಸರು ಹೇಳ್ತೀಯ. ಗಾಡಿ ಡ್ರೈವರ್ ಹೆಸರೇನು ಅಂತ ಕೇಳ್ತಾರೆ. ಆಗ ಯಾರ ಹೆಸರು ಹೇಳ್ತೀಯ? ಕಾಗದದಲ್ಲಿ ಅದೂ ನನ್ನ ಹೆಸರೇ!

...ಜನ ಆಡ್ಕೋತಾರೆ ಅಂತ ನನಗೆ ಹೇಳ್ಬೇಡ. ಆಡ್ಕೊಳ್ಳೋರು ಬಂದು ಮಾವನ ಬದಲು ಗಾಡಿ ಓಡಿಸ್ತಾರಾ? ಭಯ ಇಲ್ವಾ ಅಂತೀಯಾ, ಇದೆ. ಯಾರ್ಡ್ ಗೇಟಲ್ಲೇ ಎರಡು ಸಲ ಇಂಜಿನ್ ಆಫ್ ಮಾಡ್ಕೊಂಡೆ. ನೀರಿಗಿಳಿದ ಮೇಲೆ ಚಳಿ ಏನು, ಮಳೆ ಏನು. ಈಗ ಚೆನ್ನಾಗಿದೆ ಅಣ್ಣ. ನಿಜ ಹೇಳ್ಲಾ, ತುಂಬಾ ಚೆನ್ನಾಗಿದೆ...

...ಮಗಳು ಅತ್ತಿಗೆ ಹತ್ರ ಇದ್ದಾಳೆ... ಹಾಂ, ನಿನ್ನ ಹೆಂಡತಿ ಹತ್ರಾನೇ. ಅವರಿಗೆ ಎಲ್ಲ ಗೊತ್ತು. ಬುತ್ತಿ ಕಟ್ಟಿಕೊಟ್ಟಿದ್ದೇ ಅವರು. ಮನೆಗೆ ಹೋಗಿ ಅವರ ಮೇಲೆ ಎಗರಾಡಬೇಡ, ಎಗರಾಡಿದ್ರೆ ನಿನಗೇ ಊಟ ಇಲ್ಲ...

...ಆಫೀಸ್ ಯಾರು ನೋಡ್ಕೋತಾರಾ? ಆ ಕುರ್ಚಿ ಖಾಲಿ ಇದೆಯಲ್ಲ, ನೀನು ಕೂತ್ಕೋ. ಎಡಗಡೆ ವಾಲುತ್ತೆ, ಜೋಪಾನ...

...ತಡಿ, ಇಡಬೇಡ, ಆಫೀಸರ್ ಬಂದ್ರು... ನಮಸ್ಕಾರ ಸಾರ್. ತಗೊಳ್ಳಿ, ಪರ್ಮಿಟ್ಟು, ಮಾಲಿನ ಬಿಲ್ಲು... ಹೌದು ಸಾರ್, ಇಬ್ಬರು. ಒಬ್ಬರು ಹಿಂದೆ ಮಲಗಿದ್ದಾರೆ. ಕಂಬಳಿ ಎತ್ತಿ ನೋಡಿ ಬೇಕಾದ್ರೆ, ಎಬ್ಬಿಸ್ಬೇಡಿ ಅಷ್ಟೇ... ಇನ್ನೊಬ್ಬ ಡ್ರೈವರಾ? ನಾನೇ ಸಾರ್... ಅಲ್ಲ ಸಾರ್, ಹೆಂಡತಿ ಅಲ್ಲ, ಮಗಳೂ ಅಲ್ಲ. ಡ್ರೈವರ್. ಫೋಟೋ ನೋಡಿ, ಮುಖ ನೋಡಿ. ಇಲ್ಲಿ ಸಹಿ ಹಾಕ್ಬೇಕಾ?... ಹಾಕ್ತೀನಿ, ಕೊಡಿ ಪೆನ್ನು.

...ಅಣ್ಣ, ಇದ್ಯಾ? ಕೇಳಿಸ್ತಾ?... ಇನ್ಮೇಲೆ ನನ್ನ ಹೆಸರು ಬರೆಯೋಕೆ ಮುಂಚೆ ನನ್ನ ಕೇಳು. 'ಈ ಟ್ರಿಪ್ಪಿಗೆ ಬರ್ತೀಯಾ' ಅಂತ ಕೇಳು. ನಾನು ಹಾಂ ಅಂದ್ರೆ ಬರಿ. ಇಲ್ಲಾಂದ್ರೆ ಪೆನ್ ಮುಚ್ಚಿಡು...

...ಇಲ್ಲ, ವಾಪಸ್ ತಿರುಗಿಸಲ್ಲ. ಮಾಲು ಇಳಿಸಿಯೇ ಬರೋದು... ಏನು? ನಿಲ್ಲು ಅಂದ್ರೆ ಹೇಗೆ ನಿಲ್ಲಲಿ, ಗೇಟ್ ಎತ್ತಿದ್ರು, ಹಿಂದಿನವರು ಹಾರನ್ ಹೊಡೀತಿದ್ದಾರೆ... ಬೈಯೋದಿದ್ರೆ ಸೇತುವೆ ಹತ್ರ ನಿಂತಾಗ ಬೈ ಅಣ್ಣ. ಗಾಡಿ ಓಡಿಸ್ತಾ ಡ್ರೈವರ್ ಫೋನ್ ಹಿಡಿಯೋ ಹಾಗಿಲ್ಲ. ರೂಲು. ಇಡ್ತೀನಿ.