ಅಪ್ಪ ಮಲಗೋ ಹೊತ್ತು

ಅಯ್ಯೋ ಬಿಡಿ ಬಿಡಿ, ಅದಕ್ಕೆ ಕೈ ಹಾಕಬೇಡಿ ಅಕ್ಕಾ! ಆ ಹೊಲಿಗೆ ಮಷೀನನ್ನ ನೀವೊಬ್ರೇ ಎತ್ತೋಕೆ ಹೋಗಿ ಸೊಂಟ ಹಿಡ್ಕೊಂಡ್ರೆ, ಆಮೇಲೆ ಸಾಮಾನಿನ ಜೊತೆ ನಿಮ್ಮನ್ನೂ ಎತ್ತಿ ವ್ಯಾನಿಗೆ ಹಾಕಬೇಕಾಗುತ್ತೆ. ನಾನಿದ್ದೀನಲ್ಲ. ಕೆಳಗಿನ ಮನೆಯವನು ಅಂತ ಒಬ್ಬ ಇರೋದು ಮತ್ಯಾತಕ್ಕೆ?... ಇಲ್ಲ, ಡ್ಯೂಟಿಗೆ ಹೋಗಿಲ್ಲ. ರಜೆ ಹಾಕಿದೆ. ಹದಿನೆಂಟು ವರ್ಷದಿಂದ ಬಸ್ಸು ಓಡಿಸ್ತಿದ್ದೀನಿ, ಒಂದು ದಿನ ನಾನಿಲ್ಲದೆ ಹೋದ್ರೆ ಸಿಟಿ ಏನೂ ನಿಂತುಹೋಗಲ್ಲ.

ವ್ಯಾನಾ? ಅದು... ಎರಡೂವರೆಗೇ ಬಾ ಅಂತ ನಾನೇ ಫೋನ್ ಮಾಡಿ ಹೇಳಿದೆ. ನೀವು ನಾಲ್ಕಕ್ಕೆ ಹೇಳಿದ್ರಿ, ಗೊತ್ತು. ಸಿಟ್ಟಾಗಬೇಡಿ. ನಮ್ಮ ಗುಬ್ಬಿ ಸ್ಕೂಲಿಂದ ಬರೋದು ಮೂರೂಕಾಲಿಗೆ. ಅವಳು ಬರೋದ್ರೊಳಗೆ ನೀವು ಹೊರಟುಬಿಟ್ರೆ ವಾಸಿ ಅಂತ... ಹತ್ತು ವರ್ಷದ ಹುಡುಗಿ ಅಕ್ಕಾ. ಸಾಮಾನು ಇಳಿಯೋದು ನೋಡಿ ಅತ್ತು ರಂಪ ಮಾಡಿದ್ರೆ ಯಾರು ಸಮಾಧಾನ ಮಾಡೋದು? ಇಷ್ಟು ವರ್ಷ ಅವಳನ್ನ ಸಮಾಧಾನ ಮಾಡ್ತಿದ್ದೋರೇ ನೀವು. ಆಮೇಲೆ, ಯಾಕಪ್ಪಾ ದೊಡ್ಡಮ್ಮ ಮನೆ ಬಿಟ್ಟಿದ್ದು ಅಂತ ಕೇಳಿದ್ರೆ ನಾನೇನು ಹೇಳಲಿ?

ಮಾತು ಕೊಟ್ಟಿದ್ದೀರಾ? ನೋಡಿಯೇ ಹೋಗ್ತೀನಿ ಅಂತ?... ಹೂಂ. ಇರಲಿ ಬಿಡಿ. ಮಕ್ಕಳು ಮರೀತಾರೆ.

ನೀವು ಕೂತ್ಕೊಳ್ಳಿ, ಆ ಗಂಟಿನ ಮೇಲೇ ಕೂತ್ಕೊಳ್ಳಿ. ಏನದು, ಯೂನಿಫಾರಂ ಬಟ್ಟೆಯಾ? ಇನ್ನೂ ಹೊಲಿಯೋದು ಬಾಕಿ ಇದೆಯಾ ಇಷ್ಟೊಂದು! ಹಾಗಾದ್ರೆ ಹೊಸ ಮನೆಗೆ ಹೋದ ತಕ್ಷಣ ಮಷೀನ್ ಮುಂದೆ ಕೂರಬೇಕು ನೀವು. ಅಲ್ಲಿ ಯಾರೂ ಏನೂ ಅನ್ನಲ್ಲ ಅಲ್ವಾ? ಗ್ಯಾರೇಜುಗಳ ಮಧ್ಯೆ ಅಂದ್ರಲ್ಲ. ತಗಡು ಬಡಿಯೋ ಸದ್ದಿನಲ್ಲಿ ನಿಮ್ಮ ಮಷೀನ್ ಸದ್ದು ಯಾರ ಕಿವಿಗೆ ಬೀಳಬೇಕು! ಒಂದು ಲೆಕ್ಕದಲ್ಲಿ ನೋಡಿದ್ರೆ ನಿಮಗೆ ಒಳ್ಳೇದೇ ಆಯ್ತು.

...ಇಲ್ಲ, ಒಳ್ಳೇದಾಗಲಿಲ್ಲ. ಸುಮ್ನೆ ಅಂದೆ. ಬಾಯಿಗೆ ಬಂದಿದ್ದು.

ಸುಸ್ತು ಅಕ್ಕಾ. ರಜೆ ಹಾಕಿದ್ರೂ ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರ ಆಗುತ್ತೆ ನೋಡಿ. ಮೊದಲ ಬಸ್ಸು ತೆಗೆಯೋನ ಹಣೆಬರಹ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಬಾಡಿಗೆ ಮನೆ ಹುಡುಕಿ ನೋಡು ಅಂತ ಯಾಕೆ ಯಾರೂ ಹೇಳಿಲ್ಲವೋ! ಆರು ವರ್ಷ ಡಿಪೋ ಹಿಂದೆ ಇದ್ವಿ, ತಲೆ ಮೇಲೆ ಫ್ಲೈಓವರು. ಲಾರಿ ಹೋದ್ರೆ ನೀರಿನ ಲೋಟ ತಾನೇ ತಾನಾಗಿ ಮೇಜಿನ ತುದಿಗೆ ಬರ್ತಿತ್ತು. ಒಂದು ದಿನ ಸಿಗ್ನಲ್‌ನಲ್ಲಿ ಸ್ಟೇರಿಂಗ್ ಮೇಲೆ ತಲೆ ಇಟ್ಟು ಮಲಗಿಬಿಟ್ಟೆ. ಕೆಂಪು ದೀಪ ಇದ್ದಿದ್ದಕ್ಕೆ ಸರಿಹೋಯ್ತು. ಐವತ್ತು ಜನ ಹಿಂದೆ ಕೂತಿದ್ರು ಅಕ್ಕಾ, ಐವತ್ತು ಜನ! ಅವತ್ತೇ ನಮ್ಮನೆಯವಳು ಹೇಳಿದ್ದು, ದೂರ ಆದ್ರೂ ಪರವಾಗಿಲ್ಲ, ಸದ್ದಿಲ್ಲದ ಕಡೆ ಹೋಗೋಣ ಅಂತ.

ಇಲ್ಲಿಗೆ ಕರ್ಕೊಂಡು ಬಂದ ಬ್ರೋಕರ್ ಏನಂದ ಗೊತ್ತಾ? 'ಸಾರ್, ಈ ಬೀದೀಲಿ ಎಲೆ ಬಿದ್ರೂ ಕೇಳುತ್ತೆ.' ನಾನೂ ಹಲ್ಲು ಕಿರಿದು ಅಡ್ವಾನ್ಸ್ ಕೊಟ್ಟೆ. ಎಲೆ ಬಿದ್ರೆ ಕೇಳೋ ಜಾಗದಲ್ಲಿ ಮಷೀನ್ ಓಡಿದ್ರೆ ಏನಾಗುತ್ತೆ ಅಂತ ಯೋಚನೆ ಮಾಡಬೇಕಿತ್ತು. ಮಧ್ಯಾಹ್ನ ಬಂದು ಮಲಗಿದ್ರೆ ಟಕಟಕಟಕ, ಟಕಟಕಟಕ... ತಲೆಗೇ ಹೊಲಿಗೆ ಹಾಕಿದ ಹಾಗೆ... ಅಂದ್ರೆ, ಬೇರೆಯವರಿಗೆ ಹಾಗೆ ಅನ್ನಿಸಿರಬಹುದು ಅಂತ. ನನಗಲ್ಲ. ನನಗೇನು, ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ.

ಯಾಕೆ ನಗ್ತಿದ್ದೀರಿ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾನಾ? ಒಳ್ಳೇ ಕಥೆ. ನಾನು ಹೇಳ್ತಿರೋದು ಎದುರುಮನೆ ಮೇಷ್ಟ್ರ ವಿಷಯ. ರಿಟೈರ್ ಆದ್ಮೇಲೆ ಆ ಮನುಷ್ಯನಿಗೆ ಬೇರೆ ಕೆಲಸ ಇಲ್ಲ. ಗೇಟು ಜೋರಾಗಿ ಹಾಕಿದ್ರೆ ತಪ್ಪು, ನಾಯಿ ಬೊಗಳಿದ್ರೆ ತಪ್ಪು, ಸೈಕಲ್ ಬೆಲ್ ಮಾಡಿದ್ರೂ ತಪ್ಪು. ಮನೆ ಓನರಿಗೆ ಎರಡು ಸಲ ಹೆಸರಿಲ್ಲದ ಕಾಗದ ಬಂತಂತಲ್ಲ, ಅದು ಮೇಷ್ಟ್ರಲ್ಲದೆ ಇನ್ಯಾರ ಕೆಲಸ? ಮೊದಲನೇದಕ್ಕೆ ಓನರು ನಿಮಗೆ ಬುದ್ಧಿ ಹೇಳಿ ಸುಮ್ಮನಾದ್ರು. ಎರಡನೇದು ಬಂದ ಮೇಲೆ ಒಂದೇ ಮಾತು: ಇದು ವಾಸದ ಮನೆ, ಇಲ್ಲಿ ಕಸುಬು ಮಾಡೋ ಹಾಗಿಲ್ಲ, ತಿಂಗಳೊಳಗೆ ಖಾಲಿ ಮಾಡಿ. ಏಳು ವರ್ಷ ಇದ್ದೋರಿಗೆ ಆಡೋ ಮಾತಾ ಇದು! ನಾನು ಕೇಳೋಣ ಅಂದ್ಕೊಂಡೆ ಅಕ್ಕಾ ಓನರನ್ನ... ಶಿಫ್ಟು, ನಿದ್ದೆ, ಹಾಗೇ ತಿಂಗಳು ಕಳೆದುಹೋಯ್ತು.

ಏನದು ನಿಮ್ಮ ಕೈಯಲ್ಲಿ? ಆ ಕಾಗದಗಳೇನಾ? ನಿಮ್ಮ ಹತ್ರ ಹೇಗೆ... ಓನರು ಯಾರಿಗೂ ತೋರಿಸಲ್ಲ ಅಂದಿದ್ರಲ್ಲ! ...ಅಂದ್ರೆ, ಅಂಥದ್ದನ್ನ ಸಾಮಾನ್ಯವಾಗಿ ಯಾರೂ ತೋರಿಸಲ್ಲ ಅಲ್ವಾ, ಅದಕ್ಕೆ ಹೇಳಿದೆ. ಬೇಡ, ನನಗೆ ಕೊಡಬೇಡಿ. ಹಾಳು ಕಾಗದ ನಾನ್ಯಾಕೆ ಓದಲಿ. ಹರಿದು ಬಿಸಾಕಿ. ಇವತ್ತೇ ಹರಿದುಬಿಡಿ.

ಬನ್ನಿ, ಕೆಲಸ ನೋಡೋಣ. ಮೊದಲು ಮಷೀನಿನ ತಲೆ ಬಿಚ್ತೀನಿ, ಆಮೇಲೆ ಸ್ಟ್ಯಾಂಡ್... ಅರೆ, ಇದೇನು ಕಾಲಿನ ಕೆಳಗೆ? ಕಂಬಳಿ. ಅದರ ಕೆಳಗೆ ಇನ್ನೊಂದು ಕಂಬಳಿ... ಟೈರ್ ರಬ್ಬರು. ನಾಲ್ಕೂ ಕಾಲಿಗೆ! ಇದನ್ನ ಯಾವಾಗ ಹಾಕಿಸಿದ್ರಿ? ...ಮೊದಲನೇ ಕಾಗದ ಬಂದಾಗ. ಓ. ಪಂಕ್ಚರ್ ಅಂಗಡೀಲಿ ಕೊಯ್ಸಿಕೊಂಡು ಬಂದ್ರಾ? ನನಗೆ ಹೇಳಿದ್ರೆ ಡಿಪೋದಿಂದ ತಂದುಕೊಡ್ತಿದ್ದೆ... ಛೇ, ಏನು ಮಾತಾಡ್ತಿದ್ದೀನೋ.

ಕ್ಯಾಲೆಂಡರ್ ತೆಗೀಲಾ ಗೋಡೆಯಿಂದ? ಮೊಳೆ ಬೇಕು ಅಂದ್ರೆ ಮೊಳೆನೂ ಕೀಳ್ತೀನಿ. ಇದರ ಹಿಂದೆ ಇನ್ನೊಂದೇನೋ ಅಂಟಿಸಿದ್ದೀರಲ್ಲ. ಗುಬ್ಬಿ ಅಕ್ಷರ! ಏನು ಬರೆದಿದ್ದಾಳೆ ಇಷ್ಟು ಗೀಟು ಹಾಕಿ... 'ಅಪ್ಪ ಮಲಗೋ ಹೊತ್ತು.'

ಸೋಮವಾರ, ಮಂಗಳವಾರ... ಇದು ನನ್ನ ಡ್ಯೂಟಿ ಚಾರ್ಟ್ ಅಲ್ವಾ? ಫ್ರಿಜ್ ಮೇಲೆ ಅಂಟಿಸಿರ್ತೀನಲ್ಲ, ಅದನ್ನ ನೋಡಿ ಬರೆದಿದ್ದಾಳೆ. ಫಸ್ಟ್ ಶಿಫ್ಟ್ ವಾರ: ಎರಡರಿಂದ ಆರರ ತನಕ ಕೆಂಪು. ಸೆಕೆಂಡ್ ಶಿಫ್ಟ್ ವಾರ: ಬೆಳಿಗ್ಗೆ ಒಂಬತ್ತರ ತನಕ ಕೆಂಪು, ಆಮೇಲೆ ಪೂರ್ತಿ ನೀಲಿ. ಕೆಂಪು ಇದ್ರೆ ಮಷೀನ್ ಬಂದ್, ನೀಲಿ ಇದ್ರೆ ಹೊಲಿಗೆ... ಹಾಗೇನಾ? ಮೂರು ತಿಂಗಳಿಂದ ಹೀಗೇ ಮಾಡ್ಕೊಂಡು ಬಂದ್ರಾ? ವಾರ ಬಿಟ್ಟು ವಾರ, ಹಗಲೊತ್ತು ನಾಲ್ಕು ಗಂಟೆ ಕೈಕಟ್ಟಿ ಕೂತು?

ನಾನು... ನಾನು ಅಂದ್ಕೊಂಡೆ, ಕಾಗದ ಹೋಯ್ತು, ಸದ್ದು ನಿಂತಿತು ಅಂತ. ಮೂರು ತಿಂಗಳು ಎಂಥ ನಿದ್ದೆ ಗೊತ್ತಾ ಅಕ್ಕಾ! ಕಲ್ಲು ಬಿದ್ದ ಹಾಗೆ ಮಲಗ್ತಿದ್ದೆ. ನಮ್ಮನೆಯವಳು ಕೂಡ ಅಂದ್ಲು, ನಿಮ್ಮ ಮುಖಕ್ಕೆ ಈಗ ಕಳೆ ಬಂತು ಅಂತ.

ಬುಧವಾರ ಇದೆ ನೋಡಿ ಇಲ್ಲಿ. ಹೋದ ತಿಂಗಳು ಹದಿನಾರು. ನೀಲಿ. ಚಾರ್ಟ್ ಪ್ರಕಾರ ನೀಲಿನೇ, ಸೆಕೆಂಡ್ ಶಿಫ್ಟ್ ವಾರ ಅದು. ಆದ್ರೆ ಅವತ್ತು... ಅವತ್ತು ನಾನು ಡ್ಯೂಟಿ ಬದಲು ಮಾಡ್ಕೊಂಡಿದ್ದೆ ಅಕ್ಕಾ. ನಮ್ಮ ಜೊತೆಯ ಡ್ರೈವರ್ ಒಬ್ಬನ ತಾಯಿಗೆ ಆಪರೇಷನ್ ಇತ್ತು, ಬೆಳಿಗ್ಗೆ ನೀನು ಓಡಿಸು ಮಾರಾಯಾ, ಮಧ್ಯಾಹ್ನದ್ದು ನಾನು ಓಡಿಸ್ತೀನಿ ಅಂದ. ನಮ್ಮಲ್ಲಿ ಇದು ಮಾಮೂಲು. ಬಾಯಿಮಾತಲ್ಲೇ ಬದಲಾಗುತ್ತೆ, ಮನೆ ಚಾರ್ಟಲ್ಲಿ ಯಾರು ತಿದ್ದುತ್ತಾರೆ? ಗುಬ್ಬಿ ಏಳೋ ಹೊತ್ತಿಗೆ ನಾನು ಹೊರಟುಹೋಗಿದ್ದೆ. ಎರಡು ಗಂಟೆಗೆ ಬಂದು ಮಲಗಿದೆ, ಮೇಲೆ ಟಕಟಕ ಶುರು. ದಿಂಬನ್ನ ತಲೆ ಮೇಲೆ ಇಟ್ಕೊಂಡೆ. ಮೂರೂಕಾಲಿಗೆ ಗುಬ್ಬಿ ನೇರ ಮೆಟ್ಟಿಲು ಹತ್ತಿ ಹೋದ್ಲು, ಮಷೀನ್ ಓಡ್ತಾನೇ ಇತ್ತು. ನಾನು ಒಳಗೆ ಮಲಗಿರೋದು ನಿಮಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ಎದ್ದು ಕೂತು ಬರೆದೆ.

'ದಿನಾ ಇದೇ ಗಲಾಟೆ' ಅಂತ ಬರೆದೆ ಅಕ್ಕಾ. ದಿನಾ! ಒಂದು ದಿನದ್ದು. ಒಂದೇ ಒಂದು ದಿನದ್ದು. ತಲೆ ಕೆಟ್ಟಿತ್ತು, ಕಣ್ಣು ಉರೀತಿತ್ತು, ಮಾರನೇ ದಿನ ಮತ್ತೆ ಬಸ್ಸು ಹತ್ತಬೇಕು ಅನ್ನೋ ಭಯ... ಖಾಲಿ ಮಾಡಿಸ್ತಾರೆ ಅಂತ ಗೊತ್ತಿದ್ರೆ ಬರೀತಿರಲಿಲ್ಲ. ಇಲ್ಲ, ಸುಳ್ಳು ಯಾಕೆ ಹೇಳಲಿ. ಅವತ್ತು ಬರೀತಿದ್ದೆನೋ ಏನೋ.

ಹದಿನೈದು ಮೆಟ್ಟಿಲು ಹತ್ತಿ ಬಂದು, ಅಕ್ಕಾ ಒಂದೆರಡು ಗಂಟೆ ನಿಲ್ಸಿ ಅಂದಿದ್ರೆ ಮುಗೀತಿತ್ತು ಅಂತೀರಿ. ಹೇಗೆ ಕೇಳಲಿ? ಸ್ಕೂಲು ಬಿಟ್ಟ ಮೇಲೆ ನನ್ನ ಮಗಳನ್ನ ಇಟ್ಕೊಂಡು, ತಿನ್ನೋಕೆ ಕೊಟ್ಟು, ಲೆಕ್ಕ ಹೇಳಿಕೊಟ್ಟು... ಒಂದು ದಿನ ಮುಖ ಗಂಟು ಹಾಕ್ಲಿಲ್ಲ ನೀವು. ಅಂಥವರ ಮುಖ ನೋಡಿಕೊಂಡು ನಿಮ್ಮ ಅನ್ನದ ಮಷೀನ್ ನಿಲ್ಸಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಹೆಸರಿಲ್ಲದ ಕಾಗದಕ್ಕೆ ನಾಚಿಕೆ ಇಲ್ಲ ನೋಡಿ.

ನೀವು ಏನಾದ್ರೂ ಅನ್ನಿ. ಬೈಯಿರಿ. ...ಆಶ್ಚರ್ಯ ಆಗ್ಲಿಲ್ವಾ ನಿಮಗೆ? ಕಣ್ಣು ಕೂಡ ಮಿಟುಕಿಸಲಿಲ್ಲ.

ಓ.

ನಾನೊಬ್ಬ ಪೆದ್ದ. ಕಾಗದ ಬರೆದಿದ್ದು ಯಾರು ಅಂತ ಗೊತ್ತಿಲ್ದೇ ನನ್ನ ನಿದ್ದೆಗೆ ಚಾರ್ಟ್ ಹಾಕೋಕೆ ನಿಮಗೆ ಹುಚ್ಚಾ? ಮೇಷ್ಟ್ರ ನಿದ್ದೆಗೆ ಹಾಕ್ಲಿಲ್ಲ, ಓನರ ನಿದ್ದೆಗೆ ಹಾಕ್ಲಿಲ್ಲ. ಮೊದಲನೇ ಕಾಗದದಿಂದ್ಲೇ ಗೊತ್ತಿತ್ತು. ಗೊತ್ತಿದ್ದೂ ದಿನಾ ಮೆಟ್ಟಿಲ ಮೇಲೆ ಸಿಕ್ಕಾಗ, ಊಟ ಆಯ್ತಾ ಅಂತ ಕೇಳ್ತಿದ್ರಿ. ಎರಡನೇದು ಬಂದ ಮೇಲೂ ಕೇಳಿದ್ರಿ! ಯಾಕೆ ಅಕ್ಕಾ? ಒಂದು ಸಲ ಕೆಳಗೆ ಬಂದು ನನ್ನ ಮುಖಕ್ಕೆ ಎಸೆದಿದ್ರೆ...

ಗುಬ್ಬಿ ಮುಂದೆ ಬೇಡ ಅಂತ. ಅಲ್ವಾ? ಅಷ್ಟೇ ತಾನೇ? ಹೌದು ಅನ್ನಿ.

ಈ ಚಾರ್ಟ್ ಬರೆಸುವಾಗ ಅವಳಿಗೆ ಏನಂತ ಹೇಳಿದ್ರಿ? ಅಪ್ಪನಿಗೆ ಸುಸ್ತಾಗಿರುತ್ತೆ, ಪಾಪ, ಮಲಗಲಿ ಅಂತ. ಹಾಗೆ ಹೇಳಿರ್ತೀರಿ ನೀವು. ಕಾಗದದ ವಿಷಯ ಹೇಳಿರಲ್ಲ. ನೀವು ಹೇಳೋ ಪೈಕಿ ಅಲ್ಲ.

ಯಾಕೆ ಮೇಜಿನ ಕಡೆ ನೋಡ್ತಿದ್ದೀರಿ ನೀವು?

ಓನರು ಆ ಕಾಗದಗಳನ್ನ ತಂದುಕೊಟ್ಟಿದ್ದು ಎಷ್ಟು ಹೊತ್ತಿಗೆ? ಮಧ್ಯಾಹ್ನವಾ? ಸಾಯಂಕಾಲವಾ? ...ಸಾಯಂಕಾಲ ಅವಳು ಇಲ್ಲೇ ಕೂತು ಬರೀತಿರ್ತಾಳೆ. ಈ ಮೇಜಿನ ಮೇಲೇ. ಕಾಗದ ಎಲ್ಲಿ ಇಟ್ಟಿದ್ರಿ? ಒಳಗಿಟ್ಟಿದ್ರಿ ತಾನೇ? ಅವಳು ನೋಡಿಲ್ಲ ತಾನೇ? ಅವಳ ಸ್ಕೂಲಿಗೆ ರಜೆ ಚೀಟಿ ಬರೆಯೋನು ನಾನು ಅಕ್ಕಾ. ನನ್ನ ಅಕ್ಷರ ಅವಳಿಗೆ ದೂರದಿಂದ್ಲೇ ಗೊತ್ತಾಗುತ್ತೆ.

ಆ ಕಡೆ ನೋಡಬೇಡಿ, ನನ್ನ ಕಡೆ ನೋಡಿ. ಒಂದು ತಿಂಗಳಿಂದ ನೀವು ಹೋಗ್ತೀರ ಅಂತ ಗೊತ್ತಿದ್ರೂ ಅವಳು ಒಂದು ಸಲ ಯಾಕೆ ಅಂತ ಕೇಳ್ಲಿಲ್ಲ. ಅಮ್ಮನನ್ನೂ ಕೇಳ್ಲಿಲ್ಲ, ನನ್ನನ್ನೂ ಕೇಳ್ಲಿಲ್ಲ. ಮಗು, ತಿಳಿಯಲ್ಲ ಅಂದ್ಕೊಂಡೆ.

ಕೆಳಗೆ ಗೇಟ್ ಸದ್ದು. ವ್ಯಾನ್ ಇರಬೇಕು, ಇಷ್ಟು ತಡ ಮಾಡಿ ಈಗ ಬಂತು... ಇಲ್ಲ. ಅವಳೇ. ಮೆಟ್ಟಿಲು ಹತ್ತಿ ಬರ್ತಿದ್ದಾಳೆ.

ಅಕ್ಕಾ, ಅವಳು ನೋಡಿಲ್ಲ ಅನ್ನಿ. ಸುಳ್ಳಾದ್ರೂ ಪರವಾಗಿಲ್ಲ, ಒಂದು ಸಲ ಅನ್ನಿ.