ಅತ್ತೆಮ್ಮ ಮೇಯ್ದ ಮೂಲೆ

ಹಲೋ... ಯಾರು ಮಾತಾಡ್ತಿರೋದು?... ಓ, ನೀನಾ ತಂಗಿ! ಆಸ್ಪತ್ರೆ ಫೋನಾ ಇದು? ಕಾಲು ಹೇಗಿದೆ? ಪ್ಲಾಸ್ಟರ್ ಬಿಚ್ಚಿದ್ರಾ?...

ಹಾಂ, ಹೊಲ, ದನ ಎಲ್ಲ ಚೆನ್ನಾಗಿವೆ. ಅಣ್ಣ ಇರುವಾಗ ನಿನಗೇನು ಚಿಂತೆ? ಒಂದು ಒಳ್ಳೇ ಕೆಲಸನೂ ಮಾಡಿದೀನಿ, ಕೇಳು. ಇಳಿಜಾರಲ್ಲಿ ಆ ಕಾಡುಹುಲ್ಲು, ಹೂವು, ಬಳ್ಳಿ ಎಲ್ಲ ಎದೆಮಟ್ಟ ಬೆಳೆದಿತ್ತಲ್ಲ...

ತಾಳು, ಪೂರ್ತಿ ಕೇಳು. ಅಷ್ಟು ವರ್ಷ ಹೆಡ್‌ಮಾಸ್ಟರ್ ಆಗಿದ್ದವನಿಗೆ ಅದನ್ನ ನೋಡೋಕೆ ಆಗುತ್ತಾ? ತಲೆ ಬಾಚದ ಮಕ್ಕಳ ಹಾಗೆ, ಒಂದೊಂದು ಒಂದೊಂದು ಕಡೆ! ಟ್ರ್ಯಾಕ್ಟರ್‌ನವನನ್ನ ಕರೆಸಿ, ಕೊಯ್ಸಿ, ಸುಡಿಸಿ, ಆಳವಾಗಿ ಉಳುಮೆ ಮಾಡಿಸಿ, ಮೇಲೆ ಯೂರಿಯಾ ಎರಚಿದೀನಿ. ಈಗ ಎಷ್ಟು ನೀಟಾಗಿದೆ ಗೊತ್ತಾ...

ಥ್ಯಾಂಕ್ಸ್ ಎಲ್ಲ ಬೇಡಮ್ಮ, ಮನೆಯವರಲ್ವಾ... ಏನು?... ಬೈತಿದೀಯಾ?

ಹಾಂ... ಹಾಂ... ಆ ಬಳ್ಳಿ ಬೇರೇ ಮಣ್ಣಿಗೆ ಸಾರಜನಕ ಕೊಡ್ತಿತ್ತಾ? ಯೂರಿಯಾ ಬೇಕೇ ಇರ್ಲಿಲ್ವಾ?... ಹಳದಿ ಹೂವಿನ ಗಿಡ ಆಳದಿಂದ ಸತ್ವ ಎಳೀತಿತ್ತಾ? ದನ ಅದನ್ನ ಮೇಯ್ದು ಸಗಣಿ ಹಾಕಿದ್ರೆ ಆ ಸತ್ವ ಮೇಲಿನ ಮಣ್ಣಿಗೆ... ಅರ್ಥ ಆಯ್ತು. ಈಗ ಅರ್ಥ ಆಯ್ತು ಅಂದೆ.

ಅಷ್ಟೂ ಬೀಜ ದನದ ಮೇವಿಗೆ ಅಂತ ನೀನೇ ಎಲ್ಲೆಲ್ಲಿಂದಲೋ ಆರಿಸ್ಕೊಂಡು ಬಂದು ಬಿತ್ತಿದ್ದಾ?... ಕಳೆ ಅಂದ್ಕೊಂಡೆ ಕಣೇ... ಅಳಬೇಡ. ತಪ್ಪಾಯ್ತು.

ಏನಾದ್ರೂ ಮಿಕ್ಕಿದೆಯಾ ಅಂದ್ರೆ... ಕೊಟ್ಟಿಗೆ ಹಿಂದಿನ ಮೂಲೆ ಇದೆ. ನಿನ್ನ ಮೊಂಡು ಹಸು ಅತ್ತೆಮ್ಮ ಟ್ರ್ಯಾಕ್ಟರಿಗೆ ಅಡ್ಡ ನಿಂತು ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ. ನನ್ನ ಸರ್ವೀಸಲ್ಲೇ ಅಂಥ ವಿದ್ಯಾರ್ಥೀನ ನೋಡಿಲ್ಲ...

ಹೌದು, ಎಲ್ಲ ಜಾತಿನೂ ಇತ್ತು, ಬೀಜ ಬಲಿತಿತ್ತು. ಇರು, ಕಿಟಕಿಯಿಂದ ನೋಡಿ ಹೇಳ್ತೀನಿ... ತಂಗೀ... ಅತ್ತೆಮ್ಮ ಈಗ ತಾನಾಗೇ ಈಚೆ ಬಂದಿದಾಳೆ. ಮೂಲೆ ಪೂರ್ತಿ ಮೇಯ್ದು ಮುಗಿಸಿದಾಳೆ. ಮೆಲುಕು ಹಾಕ್ತಾ ನನ್ನನ್ನೇ ನೋಡ್ತಿದಾಳೆ...

ನಗ್ತಿದೀಯಾ?... ಏನು, ಬೀಜ ಎಲ್ಲ ಅರಗಲ್ವಾ? ಒಂದಷ್ಟು ಹಾಗೇ ಆಚೆ ಬರುತ್ತಾ? ಮೊಳಕೆನೂ ಬರುತ್ತಾ? ಎಲ್ಲಿಂದ ಎತ್ಕೋಬೇಕು?... ಓ...

ನಾನಾ?... ಬಕೆಟ್ ಹಿಡ್ಕೊಂಡು ಅವಳ ಹಿಂದೆನಾ? ಒಬ್ಬ ಹೆಡ್‌ಮಾಸ್ಟರ್... ಹೂಂ, ಹೂಂ, ರಿಟೈರ್ಡ್ ಹೆಡ್‌ಮಾಸ್ಟರ್. ಒಂದು ಚೂರೂ ಬಿಡಬಾರ್ದಾ?... ಆಯ್ತು, ಬಿಡಲ್ಲ. ನಿನ್ನಾಣೆ.

ಏ, ಇರು, ಬಾಲ ಎತ್ತಿದ್ಲು! ಅತ್ತೆಮ್ಮಾ, ಒಂದು ನಿಮಿಷ ತಾಳಮ್ಮಾ, ಬಂದೆ... ತಂಗೀ, ಬಕೆಟ್ ಎಲ್ಲಿಟ್ಟಿದೀಯಾ?... ಹಲೋ?... ಹಲೋ?... ಬಕೆಟ್...