ಅಂಗಿಯ ಕಾಲರು ನಮ್ಮ ಕಡೆ

ಅಧ್ಯಕ್ಷತೆ ವಹಿಸಿರುವ ನಮ್ಮ ಮಾಲೀಕರಾದ ಕಾಂತರಾಜು ಅವರೇ, ಮುಖ್ಯ ಅತಿಥಿಗಳೇ, ಹೊಲಿಗೆ, ಕಟಿಂಗು, ಇಸ್ತ್ರಿ ವಿಭಾಗಗಳಿಂದ ಬಂದು ಕೂತಿರುವ ನನ್ನ ಅಕ್ಕತಂಗಿಯರೇ, ಸಭಿಕರೇ,

ಈ ಸುಂಕದಕಟ್ಟೆಯ ಕಾರ್ಖಾನೆಗೆ ಬಂದಾಗ ನಾನು ಹೊಲಿಗೆ ಮಷಿನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಓದಿದ್ದು ಏಳನೇ ಕ್ಲಾಸು. ಕಂಪ್ಯೂಟರು ಕಲಿತದ್ದು ಮಾರೇನಹಳ್ಳಿಯ ಒಂದು ಸೆಂಟರಿನಲ್ಲಿ, ಭಾನುವಾರಗಳಂದು, ನನ್ನ ಮಗಳ ವಯಸ್ಸಿನವರ ಪಕ್ಕ ಕೂತು. ಇಂಥವನಿಗೆ ನಿವೃತ್ತಿಯ ದಿನ ಶಾಲು ಹೊದಿಸಿ, ‘ಚಿಕ್ಕಹನುಮಯ್ಯನವರು ಚೆಕಿಂಗ್ ಕೆಲಸವನ್ನು ಸ್ಮಾರ್ಟ್‌ಫೋನಿಗೆ ತಂದವರು’ ಎಂದು ಹೊಗಳಿದ್ದೀರಿ. ಶಾಲು ಬೆಚ್ಚಗಿದೆ. ನಾನು ಬೆವರುತ್ತಿರುವುದು ಮಾತ್ರ ಶಾಲಿನಿಂದಲ್ಲ.

ಮುತ್ತವ್ವನವರು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದ್ದಾರೆ? ಬಾದಾಮಿ ಕಡೆಯವರು, ಕೊನೆಯ ಮೇಜಿನ ಚೆಕ್ಕರು. ಅವರ ಕೈಯಲ್ಲೊಂದು ರಟ್ಟು, ರಟ್ಟಿನ ಮೇಲೆ ಅಂಗಿಯ ಚಿತ್ರ. ಅಂಗಿಯಲ್ಲಿ ಎಲ್ಲಿ ದೋಷ ಕಂಡಿತೋ ಚಿತ್ರದಲ್ಲೂ ಅಲ್ಲೇ ಚುಕ್ಕಿ. ಮಧ್ಯಾಹ್ನದ ಹೊತ್ತಿಗೆ ಎಡತೋಳಿನಲ್ಲಿ ಚುಕ್ಕಿ ಗುಂಪಾದರೆ ನನ್ನನ್ನು ಕೂಗಿ, “ಹದಿನಾಲ್ಕನೇ ಮಷಿನ್ನಿನ ಸೂಜಿ ನೋಡ್ರಿ” ಅನ್ನುತ್ತಿದ್ದರು. ನೋಡಿದರೆ ಸೂಜಿ ಮೊಂಡಾಗಿರುತ್ತಿತ್ತು.

ಎರಡು ವರ್ಷದ ಹಿಂದೆ ಚೆಕ್ಕರುಗಳಿಗೆ ಟಚ್ ಫೋನು ಕೊಡೋಣ ಎಂದಾಗ, ಪರದೆಯ ಮೇಲೆ ಏನು ಎಲ್ಲಿರಬೇಕೆಂದು ಕಾಗದದಲ್ಲಿ ಬರೆದುಕೊಟ್ಟವನು, ಅಷ್ಟರಲ್ಲಿ ಚೆಕಿಂಗ್ ಸೂಪರ್‌ವೈಸರ್ ಆಗಿದ್ದ ನಾನು. ಯಾವ ಭಾಗ? ಒತ್ತಿ. ಯಾವ ದೋಷ? ಒತ್ತಿ. ಯಾವ ಮಷಿನ್ನು, ಸಣ್ಣದೋ ದೊಡ್ಡದೋ, ಖಚಿತವೇ, ನಿಜವಾಗಿಯೂ ಖಚಿತವೇ? ಒಂದು ದೋಷಕ್ಕೆ ಏಳು ಪರದೆ. ಒಂದೊಂದರಲ್ಲೂ ಮದ್ದೂರು ವಡೆಯಂಥ ಬಟನ್ನು.

“ಏಳು ಸಲ ಯಾಕ ಕೇಳತೈತ್ರಿ ಇದು? ಅಂಗಿ ಚಿತ್ರ ಹಾಕ್ರಿ. ಬೆರಳ ಇಡ್ತೀನಿ, ಮುಗೀತು,” ಎಂದರು ಮುತ್ತವ್ವ.

ನಾನು ನಕ್ಕೆ. “ಎಲ್ಲಾ ಒಂದೇ ಕಡೆ ಹಾಕಿದ್ರೆ ನಿಮಗೆ ಕನ್‌ಫ್ಯೂಸ್ ಆಗುತ್ತೆ ಕಣಮ್ಮ. ನಿಮ್ಮ ಅನುಕೂಲಕ್ಕೇ ಮಾಡಿರೋದು.”

“ರಟ್ಟಿನ್ಯಾಗ ನಾ ಯಾವತ್ತ ಕನ್‌ಫ್ಯೂಸ್ ಆಗೀನ್ರಿ?”

ತುಂಬಿದ ಪರದೆ ಕಂಡರೆ ಹೆದರುತ್ತಿದ್ದವನು ನಾನು, ಮಾರೇನಹಳ್ಳಿಯಲ್ಲಿ ಮೌಸಿನ ಬಾಣ ಎಲ್ಲಿ ಹೋಯಿತೆಂದು ಹುಡುಕಿದವನು ನಾನು. ಅವರಿಗೂ ಹಾಗೇ ಆಗುತ್ತದೆಂದು ತೀರ್ಮಾನಿಸಿದೆ.

ಗಂಟೆಗೆ ತೊಂಬತ್ತು ಅಂಗಿ ನೋಡುತ್ತಿದ್ದ ಮುತ್ತವ್ವ ಐವತ್ತಕ್ಕೆ ಇಳಿದರು. ದೋಷ ಹುಡುಕಿದಷ್ಟೂ ಪರದೆ ಹೆಚ್ಚು. ಕಣ್ಣು ಹಾಯಿಸಿ ಪಾಸು ಮಾಡುವವರೇ ಮುಂದೆ. ಯಾರು ಎಷ್ಟು ಅಂಗಿ ನೋಡಿದರೆಂಬ ಫೋನಿನ ಪಟ್ಟಿಯಲ್ಲಿ ಮುತ್ತವ್ವ ಕೊನೆ. ಅವರನ್ನು ದಾರ ಕತ್ತರಿಸಲು ಕೂರಿಸಿದೆವು. ಮೂರು ತಿಂಗಳಿಗೆ ಕೆಲಸ ಬಿಟ್ಟರು. ಬಿಡುವಾಗ ಕೊಟ್ಟ ಪತ್ರದಲ್ಲಿ ‘ತಪಾಸಣೆಯಲ್ಲಿ ನಿಧಾನ’ ಎಂದು ಬರೆದದ್ದು ಇದೇ ಕೈ. ಆ ಪತ್ರ ನೋಡಿ ಬೇರೆ ಯಾವ ಗಾರ್ಮೆಂಟ್ಸಿನವರೂ ಅವರನ್ನು ಚೆಕ್ಕರ್ ಆಗಿ ತೆಗೆದುಕೊಳ್ಳಲಿಲ್ಲ.

ಆಮೇಲೆ ಕೊಂಡವರಿಂದ ದೋಷದ ಅಂಗಿಗಳು ಪೆಟ್ಟಿಗೆ ಪೆಟ್ಟಿಗೆ ವಾಪಸು ಬಂದವು. ಆಗ ಏಳು ಪರದೆ ತೆಗೆದು ಅಂಗಿಯ ಚಿತ್ರ ಹಾಕಿಸಿದೆ. ಯಾರು ಹೇಳಿದ್ದೆಂದು ಎಲ್ಲೂ ಬಾಯಿ ಬಿಡಲಿಲ್ಲ. ಈಗ ನೀವು ಚಪ್ಪಾಳೆ ತಟ್ಟಿದ್ದು ಆ ಚಿತ್ರಕ್ಕೆ.

ಹೋದ ವಾರ ಇಲ್ಲೇ ಹತ್ತಿರದ ಉಲ್ಲಾಳದಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಸೀರೆಗೆ ಫಾಲ್ಸು ಹಾಕುತ್ತಾ ಕೂತಿದ್ದರು. ಬೈಯುತ್ತಾರೆ ಅಂದುಕೊಂಡೆ, ಚಹಾ ಕೊಟ್ಟರು. ನಾನು ಒಯ್ದಿದ್ದ ಚೆಕಿಂಗ್ ಫೋನನ್ನು ಎಡಗೈಯಲ್ಲಿ ಹಿಡಿದು ಹೆಬ್ಬೆರಳು ಆಡಿಸಿ ನೋಡಿದರು.

“ಚಿತ್ರ ತಲಿಕೆಳಗ ಮಾಡ್ರಿ. ಮೇಜಿನ ಮ್ಯಾಲ ಅಂಗಿ ಕಾಲರು ನಮ್ಮ ಕಡೆ ಇರತೈತಿ. ರಟ್ಟಾದ್ರ ತಿರುಗಿಸಿ ಇಟ್ಕೊಂತಿದ್ದೆ. ಇದನ್ನ ತಿರುಗಿಸಿದ್ರ ಚಿತ್ರಾನೂ ತಿರುಗತೈತಿ. ನೀವು ಯಾವಾಗ್ಲೂ ಆ ಕಡೆ ನಿಂತು ನೋಡೀರಿ. ನಮ್ಮ ಕಡೆ ಬಂದಿಲ್ಲ.”

ಇಪ್ಪತ್ತೆರಡು ವರ್ಷ ಆ ಮೇಜಿನ ಪಕ್ಕ ಓಡಾಡಿದ್ದೇನೆ. ನಿಜ, ಆ ಕಡೆ ಹೋಗಿರಲಿಲ್ಲ.

ಇವತ್ತಿನ ಸಮಾರಂಭಕ್ಕೂ ಕರೆದೆ. “ಸೀರಿ ಅವತ್ತ ಕೊಡಬೇಕ್ರಿ” ಎಂದರು.

ಮಾಲೀಕರೇ, ಹೊಸ ಪತ್ರವೊಂದನ್ನು ಬರೆದು ತಂದಿದ್ದೇನೆ. ನಿಧಾನವಿದ್ದದ್ದು ನಾನು ಮಾಡಿಸಿದ ಪರದೆ, ಮುತ್ತವ್ವನವರಲ್ಲ ಎಂದು ಬರೆದಿದ್ದೇನೆ. ನನ್ನ ಸಹಿ ಹಾಕಿಯಾಗಿದೆ, ಆದರೆ ಇವತ್ತು ಸಂಜೆಯಿಂದ ಅದು ನಡೆಯುವುದಿಲ್ಲ. ನಿಮ್ಮ ಸಹಿ ಬೇಕು. ಪೆನ್ನಿನ ಮುಚ್ಚಳ ತೆಗೆದೇ ಇಟ್ಟಿದ್ದೇನೆ. ಉಲ್ಲಾಳದ ಬಸ್ಸು ಆರೂವರೆಗೆ.

ಹೊದಿಸಿದ ಶಾಲಿಗೆ, ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ ನಿಮಗೆಲ್ಲ ನಾನು ಋಣಿ. ನಮಸ್ಕಾರ.